ಸ್ವಲ್ಪ ತಿನ್ನು, ಏನೂ ಆಗಲ್ಲ

ಕಳೆದ ವರ್ಷ ಒಂದು ಶನಿವಾರ ಮಧ್ಯಾಹ್ನ ನನ್ನ ಅಕ್ಕನ ಮಗಳು ನಮ್ಮ ಕಣ್ಣೆದುರಿಗೇ ರೈಲಲ್ಲಿ ಹಾದು ಹೋಗಿಬಿಟ್ಟಳು.

ತಮಾಷೆ ಅಲ್ಲ. ಚಾಂಪಿಯನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಲ್ಲಿ ನಾನು, ಅಕ್ಕ ಇಬ್ಬರೂ ಅವಳಿಗೋಸ್ಕರವೇ ನಿಂತಿದ್ದೆವು. ಅಕ್ಕನ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ಬಂಗಾರಪೇಟೆ ಕಡೆಯಿಂದ ರೈಲು ಬಂತು, ನಿಂತಿತು. ಕಿಟಕಿ ಪಕ್ಕದಲ್ಲೇ ಅಮ್ಮು. ನಮ್ಮನ್ನೇ ನೋಡುತ್ತಿದ್ದಾಳೆ. ನಾನು ಕೈ ಬೀಸಿದೆ. ಅವಳ ತುಟಿಯಲ್ಲಿ ಸಣ್ಣ ನಗು ಬಂದ ಹಾಗಾಯಿತು. ಆದರೆ ಏಳಲಿಲ್ಲ. ಜನ ಇಳಿದರು, ಜನ ಹತ್ತಿದರು, ರೈಲು ಹೊರಟಿತು. ನಮ್ಮನ್ನು ನೋಡುತ್ತಾ ನೋಡುತ್ತಾ ಅವಳೂ ಹೊರಟೇ ಹೋದಳು.

“ಏ ಅಮ್ಮು! ಇಳಿಯೇ, ಇಳಿಯೇ!” ಅಂತ ಅಕ್ಕ ಪ್ಲಾಟ್‌ಫಾರ್ಮಿನ ತುದಿವರೆಗೂ ಓಡಿದಳು.

ಅಲ್ಲೇ ಕಡಲೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಬಾಯಿಗೆ ಸೆರಗು ಅಡ್ಡ ಇಟ್ಟು ನಕ್ಕಳು. “ಪುದು ಪೊಣ್ಣು. ಕನವುಲ ಇರುಕ್ಕು” ಅಂದಳು. ಹೊಸ ಮದುಮಗಳು, ಕನಸಲ್ಲಿದೆ ಅಂತ. (ನಮ್ಮ ಕೆಜಿಎಫ್‌ನಲ್ಲಿ ಬೈಗುಳ ತೆಲುಗಲ್ಲಿ, ಲೆಕ್ಕ ಕನ್ನಡದಲ್ಲಿ, ತಮಾಷೆ ತಮಿಳಲ್ಲಿ. ಯಾರೂ ಭಾಷಾಂತರ ಕೇಳುವುದಿಲ್ಲ.) ಅಮ್ಮುಗೆ ಮದುವೆಯಾಗಿ ಆಗಿನ್ನೂ ಕೆಲವೇ ತಿಂಗಳು. ನಾನೂ ನಕ್ಕೆ. ಅಕ್ಕ ನಗಲಿಲ್ಲ.

ಆಟೋ ಹಿಡಿದು ಮಾರಿಕುಪ್ಪಂಗೆ ಓಡಿದೆವು. ಅದು ಈ ಲೈನಿನ ಕೊನೆ ಸ್ಟೇಷನ್. ಅದರಾಚೆಗೆ ಹಳಿ ಇಲ್ಲ. ರೈಲು ಖಾಲಿಯಾಗಿ ಬಿಸಿಲಲ್ಲಿ ನಿಂತಿತ್ತು. ಒಂದೊಂದೇ ಬೋಗಿ ಇಣುಕುತ್ತಾ ಹೋದೆ. ಅಮ್ಮು ಅದೇ ಕಿಟಕಿ ಪಕ್ಕ, ಅದೇ ಭಂಗಿಯಲ್ಲಿ ಕೂತಿದ್ದಳು. ಆಚೆ ಗಣಿಯ ಪುಡಿಮಣ್ಣಿನ ಬೂದು ಗುಡ್ಡ. ಗಾಳಿಗೆ ಅದರ ತಲೆಯಿಂದ ಧೂಳು ತೆಳ್ಳಗೆ ಏಳುತ್ತಿತ್ತು. ಅದನ್ನೇ ನೋಡುತ್ತಿದ್ದಳು. ಎಷ್ಟು ಪ್ರಶಾಂತವಾಗಿತ್ತು ಗೊತ್ತಾ ಆ ಮುಖ! ಎಬ್ಬಿಸಲು ಮನಸ್ಸೇ ಬರಲಿಲ್ಲ.

“ಅಮ್ಮು” ಅಂದೆ.

ನಿಧಾನವಾಗಿ ತಿರುಗಿದಳು. “ಚಿಕ್ಕಮ್ಮ, ನೀವು ಯಾವಾಗ ಹತ್ತಿದ್ರಿ?” ಅಂದಳು.

ಅಷ್ಟೊತ್ತಿಗೆ ಅಕ್ಕನೂ ಏದುಸಿರು ಬಿಡುತ್ತಾ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಮಗಳನ್ನು ತಬ್ಬಿಕೊಂಡು, ಅವಳ ಕಿವಿಯ ಹಿಂದೆ, ಕುತ್ತಿಗೆ ಹತ್ತಿರ ಮೂಗಿಟ್ಟು ಜೋರಾಗಿ ಉಸಿರೆಳೆದುಕೊಂಡಳು. ಕಣ್ಣು ಮುಚ್ಚಿದಳು. ತೆಗೆದಾಗ ಮುಖದಲ್ಲಿ ರಕ್ತವೇ ಇರಲಿಲ್ಲ.

“ಏನ್ ತಿಂತಾ ಇದೀಯೇ ನೀನು?” ಅಂದಳು.

ಏನಾಯಿತು ಅಂತ ಕೇಳಲಿಲ್ಲ ನೋಡಿ. ಏನು ತಿಂತಾ ಇದೀಯ ಅಂತ ಕೇಳಿದಳು. ಯಾಕೆ ಅಂತ ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ಹಿಂದಕ್ಕೆ ಕರೆದುಕೊಂಡು ಹೋಗಬೇಕು.

ನನ್ನ ಅಕ್ಕನನ್ನು ಕೊಟ್ಟಿದ್ದು ನಮ್ಮ ಅಮ್ಮನ ಸ್ವಂತ ತಮ್ಮನಿಗೆ. ನಮ್ಮ ಕಡೆ ಇದು ಮಾತುಕತೆಯೇ ಬೇಡದ ಸಂಬಂಧ. ಹೆಣ್ಣು ಹುಟ್ಟಿದ ದಿನವೇ ತೊಟ್ಟಿಲ ಹತ್ತಿರ ನಿಂತ ಸೋದರಮಾವನಿಗೆ “ಏನಪ್ಪಾ ಮದುಮಗ” ಅಂತ ರೇಗಿಸುತ್ತಾರೆ. ಹಾಗಾಗಿ ಆತ ನನಗೆ ಮಾವನೂ ಹೌದು, ಭಾವನೂ ಹೌದು. ಚಾಂಪಿಯನ್ ರೀಫ್ಸ್‌ನ ಗಣಿಯಲ್ಲಿ ಪಂಪ್ ನೋಡಿಕೊಳ್ಳುವ ಕೆಲಸ. ಒಳ್ಳೆಯ ಮನುಷ್ಯ. ಈಗಿಲ್ಲ.

ಮೊದಲನೆಯ ಮಗ ಮುನಿರಾಜು. ಹುಟ್ಟಿದಾಗ ಕೂದಲು ಕಪ್ಪಗೇ ಇತ್ತು. ಬರುಬರುತ್ತಾ ತೆಳುವಾಗಿ, ಕಂದಾಗಿ, ಬಿಸಿಲಿಗೆ ನಿಂತರೆ ಹೊಂಬಣ್ಣ ಹೊಳೆಯತೊಡಗಿತು. ನಮ್ಮ ಮನೆಯಲ್ಲಿ ಎಲ್ಲರೂ ಕರ್ರಗೆ ಇದ್ದಲಿನ ಹಾಗೆ. ಇವನೊಬ್ಬ ಬೆಳ್ಳಗೆ, ಚಿನ್ನದ ಕೂದಲು! ಗಣಿ ಸಾಲುಮನೆಗಳ ತುಂಬ ಅದೇ ಸುದ್ದಿ. “ದೊರೆ ಹುಟ್ಟವ್ನೆ” ಅಂತ ಎತ್ತಿಕೊಂಡು ಮೆರೆಸಿದ್ದೇ ಮೆರೆಸಿದ್ದು. ಬಂಗಾರದ ಊರಲ್ಲಿ ಬಂಗಾರದ ಕೂದಲಿನ ಮಗು. ದೃಷ್ಟಿಯಾಗದಿರಲಿ ಅಂತ ಅಮ್ಮ ಸಂಜೆಯಾದರೆ ಮೆಣಸಿನಕಾಯಿ ನಿವಾಳಿಸುತ್ತಿದ್ದಳು.

ಆದರೆ ಮಗುವಿನ ಮೈಯಿಂದ ಒಂದು ವಾಸನೆ. ಹಳೇ ಗೋಣಿಚೀಲದಲ್ಲಿ ಇಲಿ ಮರಿ ಹಾಕಿದರೆ ಬರುತ್ತದಲ್ಲ, ಹಾಗೆ. ಅಕ್ಕ ಕಡಲೆಹಿಟ್ಟು, ಸೀಗೆಕಾಯಿ, ಸೋಪು ಎಲ್ಲ ಹಾಕಿ ಉಜ್ಜಿದಳು. ಹೋಗಲಿಲ್ಲ. ನಗುತ್ತಿದ್ದ ಮಗು ನಗೋದು ಕಡಿಮೆ ಮಾಡಿತು. ಕೂರಲಿಲ್ಲ. ಕೂತ ಮೇಲೆ ನಿಲ್ಲಲಿಲ್ಲ. ಮಾತಂತೂ ಬರಲೇ ಇಲ್ಲ. ಸುಮ್ಮನೆ ಮುಂದಕ್ಕೂ ಹಿಂದಕ್ಕೂ ತೂಗಿಕೊಂಡು ಕೂರುತ್ತಿದ್ದ. ನಾವು ಮಾಡದ ಹರಕೆ ಇಲ್ಲ, ಕಟ್ಟದ ತಾಯತ ಇಲ್ಲ.

ಅವನು ಸುಮಾರು ದೊಡ್ಡವನಾದ ಮೇಲೆ ಬೆಂಗಳೂರಿನ ಒಬ್ಬ ಡಾಕ್ಟರು ಅವನ ಕೂದಲು ನೋಡಿ, ಹತ್ತಿರ ಬಾಗಿ ಮೂಸಿ, ಕೆಲವು ಟೆಸ್ಟ್ ಬರೆದರು. ಫಿನೈಲ್‌ಕೀಟೋನ್ಯೂರಿಯಾ. ಹೆಸರು ಕೇಳಿಯೇ ಅರ್ಧ ಜೀವ ಹೋಗುತ್ತದೆ, ಅದಕ್ಕೇ ಪಿಕೆಯು ಅನ್ನುತ್ತಾರೆ. ವಿಷಯ ಇಷ್ಟೇ. ನಾವು ತಿನ್ನುವ ಹಾಲು, ಬೇಳೆ, ಕಾಳು, ಮೊಟ್ಟೆ, ಮಾಂಸ, ರಾಗಿ, ಎಲ್ಲದರ ಪ್ರೋಟೀನಿನಲ್ಲಿ ಒಂದು ಅಂಶ ಇರುತ್ತದೆ. ನಮ್ಮ ಲಿವರ್ ಅದನ್ನು ಕರಗಿಸಿ ಕೆಲಸಕ್ಕೆ ಹಚ್ಚುತ್ತದೆ. ಇವರ ಲಿವರ್‌ಗೆ ಆ ಸಾಮರ್ಥ್ಯ ಹುಟ್ಟಿನಿಂದಲೇ ಇಲ್ಲ. ಅದು ರಕ್ತದಲ್ಲಿ ಉಳಿದುಕೊಂಡು ಮಿದುಳಿಗೆ ಏರುತ್ತದೆ. ಅಪ್ಪ, ಅಮ್ಮ ಇಬ್ಬರಿಂದಲೂ ಆ ದೋಷ ಬಂದರೆ ಮಾತ್ರ ಕಾಯಿಲೆ. ಸಂಬಂಧವೇ ಇಲ್ಲದವರು ಮದುವೆಯಾದರೂ ಬರಬಹುದು, ಆದರೆ ಒಂದೇ ರಕ್ತದವರು ಆದರೆ ಸಂಭವ ಜಾಸ್ತಿ.

ಮಾವ ಎಲ್ಲ ಕೇಳಿಸಿಕೊಂಡು ಬಸ್ಸಲ್ಲಿ ವಾಪಸ್ ಬರುವಾಗ ಒಂದೇ ಮಾತು ಹೇಳಿದ. “ಅಂದ್ರೆ ಇವ್ನ ಒಳ್ಗೆ ಪಂಪ್ ಇಲ್ಲ. ಅದ್ಕೇ ನೀರು ನಿಂತ್ಕಂಡೈತೆ.” ಗಣಿಯಲ್ಲಿ ಪಂಪ್ ನಿಂತರೆ ಸುರಂಗಕ್ಕೆ ಏನಾಗುತ್ತದೆ ಅಂತ ಆತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಕಿಟಕಿ ಕಡೆ ಮುಖ ಮಾಡಿಕೊಂಡು ಊರು ಬರುವವರೆಗೂ ಅತ್ತ.

ಮುನಿಗೆ ಆಗಿದ್ದನ್ನು ತಿರುಗಿಸುವುದು ಆಗ ಯಾರ ಕೈಯಲ್ಲೂ ಇರಲಿಲ್ಲ. ಪಥ್ಯ ಮಾಡಿಸಿ ನೋಡಿದರು. ತಟ್ಟೆ ಎಸೆದ, ಗೋಡೆಗೆ ತಲೆ ಚಚ್ಚಿಕೊಂಡ. ಬಿಟ್ಟರು. ಆದರೆ ಡಾಕ್ಟರು ಅಕ್ಕನಿಗೆ ಒತ್ತಿ ಹೇಳಿದ್ದರು: ಇನ್ನೊಂದು ಮಗುವಾದರೆ ಹುಟ್ಟಿದ ಒಂದೆರಡು ದಿನದಲ್ಲೇ ಹಿಮ್ಮಡಿ ಚುಚ್ಚಿ ರಕ್ತ ತೆಗೆಸಿ.

ಆ ಇನ್ನೊಂದು ಮಗುವೇ ಅಮ್ಮು. ಶಾಲೆ ಹೆಸರು ಅನಿತಾ. ಅವಳಿಗೂ ಅದೇ ಕಾಯಿಲೆ. ಆದರೆ ಗೊತ್ತಾಗಿದ್ದು ತೊಟ್ಟಿಲಲ್ಲೇ.

ಅಲ್ಲಿಂದ ನಮ್ಮ ಅಕ್ಕನ ತಪಸ್ಸು ಶುರು. ಹಾಲಿಲ್ಲ, ಬೇಳೆ ಇಲ್ಲ, ಮುದ್ದೆ ಇಲ್ಲ. ಅಳೆದು ಕೊಡುವ ಅನ್ನ, ಸೋರೆಕಾಯಿ, ಕುಂಬಳಕಾಯಿ, ಹಣ್ಣು, ಸಬ್ಬಕ್ಕಿ. ಜೊತೆಗೆ ಎಲ್ಲೆಲ್ಲಿಂದಲೋ ತರಿಸಿದ, ಆ ಅಂಶ ತೆಗೆದ ಪ್ರೋಟೀನಿನ ಒಂದು ಪುಡಿ. (ಅದರ ವಾಸನೆಗೆ ನಮ್ಮ ಮನೆ ಬೆಕ್ಕು ಬೀದಿ ಬದಲಾಯಿಸಿತ್ತು. ಆ ಮಗು ಮೂಗು ಹಿಡಿದುಕೊಂಡು ಕುಡಿಯುತ್ತಿತ್ತು.) ಯಾರಾದರೂ ಬಿಸ್ಕತ್ ಚಾಚಿದರೆ ಸಾಕು, ಅಕ್ಕ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. “ಅಮ್ಮು ಬ್ಯಾಡ!” ಮದುವೆ ಮನೆಯಲ್ಲಿ ಪಾಯಸ ಬಂದರೆ, “ಅಮ್ಮು ಬ್ಯಾಡ!” ನೆರೆಯವರು ಮೊಟ್ಟೆ ಹಿಡಿದುಕೊಂಡು ಬಂದರೆ, “ಅಮ್ಮು ಬ್ಯಾಡ!” ಬೆರಳೆಣಿಕೆಯಷ್ಟೇ ಮಾತು ಕಲಿತ ಮುನಿಯೂ ಇದನ್ನು ಕಲಿತುಬಿಟ್ಟ. ಅವನ ಬಾಯಲ್ಲಿ ಸ್ಪಷ್ಟವಾಗಿ ಬರುವ ಎರಡು ಪದ ಇವೇ.

ಶತ್ರು ಯಾರು ಗೊತ್ತಾ? ಪ್ರೀತಿಯ ನೆಂಟರು. “ಪಾಪ ಮಗು, ಒಂದ್ ತುತ್ತು ತಿನ್ಲಿ ಬಿಡೇ. ಸ್ವಲ್ಪ ತಿಂದ್ರೆ ಏನೂ ಆಗಲ್ಲ.” ಕನ್ನಡದಲ್ಲಿ ಇದಕ್ಕಿಂತ ಅಪಾಯದ ವಾಕ್ಯ ಇದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ. ಸಕ್ಕರೆ ಕಾಯಿಲೆಯವರಿಗೆ ಮೈಸೂರು ಪಾಕ್ ಕೊಡುವಾಗ ಇದೇ ವಾಕ್ಯ. ಬಿಪಿ ಇರುವವರಿಗೆ ಉಪ್ಪಿನಕಾಯಿ ಬಡಿಸುವಾಗ ಇದೇ ವಾಕ್ಯ. ಬೇಡ ಅಂದವರಿಗೆ ಬಲವಂತ ಮಾಡಿದರೇ ಉಪಚಾರ, ಇಲ್ಲದಿದ್ದರೆ ನಮಗೆ ಸಮಾಧಾನವೇ ಇಲ್ಲ. ಯಾಕೆ ಹೀಗೆ ನಾವು?

ಐದನೇ ಕ್ಲಾಸಿನಲ್ಲಿ ಅಮ್ಮು ಆಂಡರ್ಸನ್‌ಪೇಟೆಯ ಅಂಗಡಿಯಲ್ಲಿ ಗೆಳತಿಯರ ಜೊತೆ ಕದ್ದುಮುಚ್ಚಿ ಕಡಲೆಬೀಜದ ಚಿಕ್ಕಿ ತಿನ್ನಲು ಶುರು ಮಾಡಿದ್ದಳು. ಕೆಲವು ವಾರಗಳಲ್ಲಿ ಮಗು ಸಿಡುಕಿಯಾಯಿತು. ಓದಿದ್ದು ತಲೆಯಲ್ಲಿ ನಿಲ್ಲದು, ಒಂದು ಲೆಕ್ಕ ಹಿಡಿದರೆ ಮಧ್ಯದಲ್ಲೇ ಕೈಬಿಟ್ಟು ಕಿಟಕಿ ನೋಡುತ್ತಾ ಕೂರುವುದು. ಟೀಚರು ಸೋಮಾರಿ ಅಂದರು. ಅಕ್ಕ ಮೂಸಿ ನೋಡಿ ಕಂಡುಹಿಡಿದಳು. ಚಿಕ್ಕಿ ನಿಂತಿತು. ಲೆಕ್ಕ ವಾಪಸ್ ಬಂತು. ಅದೇ ಹುಡುಗಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ ಬಂಗಾರಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರಾದಳು! ಇವಳನ್ನೂ ಸೋದರಮಾವನಿಗೇ, ಅಂದರೆ ನಮ್ಮ ತಮ್ಮನಿಗೇ ಕೊಡಿ ಅಂತ ಕುಟುಂಬದಲ್ಲಿ ಒತ್ತಾಯ ಬಂದಾಗ ಅಕ್ಕ ಒಬ್ಬಳೇ ಎದುರು ನಿಂತಳು. ಹೊರಗಡೆ ಗಂಡು ಹುಡುಕಿ, ಕಾಮಸಮುದ್ರದ ಒಂದು ಮನೆಗೆ ಕೊಟ್ಟಳು. ಅಳಿಯ ಸುರೇಶ ಒಳ್ಳೆಯ ಹುಡುಗ.

ಈಗ ಮತ್ತೆ ರೈಲಿಗೆ ಬನ್ನಿ.

“ಏನ್ ತಿಂತಾ ಇದೀಯೇ?” ಅಂತ ಅಕ್ಕ ಕೇಳಿದ್ದಕ್ಕೆ ಅಮ್ಮು ತಲೆ ತಗ್ಗಿಸಿದಳು. “ಎಲ್ಲಾ” ಅಂದಳು.

ಆಗಿದ್ದಿಷ್ಟು. ಕಾಯಿಲೆ ವಿಷಯ ಸುರೇಶನಿಗೆ ಗೊತ್ತಿತ್ತು. ಅವನ ತಾಯಿಗೆ ಹೇಳಿರಲಿಲ್ಲ. ಹೇಳಿದರೆ ಮುನಿಯ ಮಾತು ಬರುತ್ತದೆ, ತಲೆ ಸರಿಯಿಲ್ಲದ ಮನೆತನ ಅನ್ನುತ್ತಾರೆ, ಸಂಬಂಧ ಮುರಿಯುತ್ತದೆ ಅಂತ ಎಲ್ಲರೂ ಸೇರಿ ಬಾಯಿ ಮುಚ್ಚಿಕೊಂಡಿದ್ದೆವು. ಹಾಲು ಮೊಸರು ಸೇರಲ್ಲ, ಹೊಟ್ಟೆ ಸೂಕ್ಷ್ಮ, ಅಂತ ಏನೋ ಒಂದು ಸುಳ್ಳು. ಅತ್ತೆ ನಾರಾಯಣಮ್ಮನ ಮನೆಯಲ್ಲಿ ನಾಲ್ಕೈದು ಸೀಮೆ ಹಸು. ಆಕೆಯ ಪ್ರೀತಿಯೆಲ್ಲ ಹಾಲಿನ ಲೋಟದಲ್ಲೇ. “ನಮ್ಮನೆ ಆಲು ಕುಡ್ದು ನೋಡು, ಒಟ್ಟೆ ತಾನೇ ಸರಿಯಾಯ್ತದೆ” ಅಂತ ಸೊಸೆಯ ಎದುರಿಗೇ ನಿಂತು ಕುಡಿಸಿದ್ದಾರೆ. ಮುದ್ದೆಗೆ ಹುರುಳಿಕಾಳು ಸಾರು ಸುರಿದಿದ್ದಾರೆ. ಹೊಸ ಸೊಸೆ ತಟ್ಟೆಯಲ್ಲಿ ಬಿಟ್ಟರೆ ಅತ್ತೆಗೆ ಅವಮಾನ. ಅಮ್ಮು ಮೊದಮೊದಲು ಒಂದು ತುತ್ತು, ಆಮೇಲೆ ಅರ್ಧ, ಆಮೇಲೆ ಪೂರ್ತಿ ತಿಂದಳು. ಪುಡಿ ಡಬ್ಬವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ದೊಡ್ಡವಳಾಗಿದ್ದೀನಿ, ಮಿದುಳು ಬೆಳೆದಾಯಿತು, ಇನ್ನೇನಾಗುತ್ತದೆ ಅಂದುಕೊಂಡಳಂತೆ. ಸುರೇಶನಿಗೂ ಹಾಗೇ ಹೇಳಿ ಸುಮ್ಮನಾಗಿಸಿದ್ದಳಂತೆ.

“ನೋವಿಲ್ಲ ಚಿಕ್ಕಮ್ಮ” ಅಂದಳು ನನಗೆ. “ಅದೇ ಕಷ್ಟ. ಚೆನ್ನಾಗೇ ಇರುತ್ತೆ. ಬೋರ್ಡ್ ಮುಂದೆ ನಿಂತಿರ್ತೀನಿ, ಉತ್ತರ ಗೊತ್ತಿರುತ್ತೆ. ಆದ್ರೆ ಅದು ಬರೋಷ್ಟರಲ್ಲಿ ಮಕ್ಕಳು ಮಾತಾಡೋಕೆ ಶುರು ಮಾಡಿರ್ತಾರೆ. ಇವತ್ತು ನಿಮ್ಮನ್ನ ನೋಡ್ದೆ. ಇಳೀಬೇಕು ಅಂತಾನೂ ಅನ್ನಿಸ್ತು. ಆಮೇಲೆ ಅದು ಎಲ್ಲೋ ಹೋಯ್ತು.”

ಎಲ್ಲೋ ಹೋಯ್ತು. ಆ ಮಾತು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ. ಬುದ್ಧಿ, ಗಮನ, ಮನಸ್ಸು ಅಂತ ನಾವು ಎಷ್ಟು ಗರ್ವ ಪಡುತ್ತೇವೆ! ನನ್ನ ಸ್ವಂತ ಸಂಪಾದನೆ ಅನ್ನುವ ಹಾಗೆ. ಒಂದು ಸೌಟು ಕಾಳಿನ ಸಾರು ಅದನ್ನು ಎತ್ತಿಕೊಂಡು ಹೋಗಿ ಎಲ್ಲೋ ಇಟ್ಟು ಬರುತ್ತದೆ ಅಂದರೆ? ಆ ಹೊತ್ತಿನಲ್ಲಿ ರೈಲಿನ ಕಿಟಕಿಯಲ್ಲಿ ಕೂತಿದ್ದವಳು ನಮ್ಮ ಅಮ್ಮುವೇ ಹೌದಾ? ಅಥವಾ ಅಮ್ಮು ಇನ್ನೂ ಹಿಂದಿನ ಸ್ಟೇಷನ್ನಿನಲ್ಲೇ ಇದ್ದಳಾ?

ಡಾಕ್ಟರ ಹತ್ತಿರ ಓಡಿದೆವು. ರಕ್ತದಲ್ಲಿ ಆ ಅಂಶ ಎಲ್ಲೋ ಏರಿ ಕೂತಿತ್ತು. ಪಥ್ಯ ಹಿಡಿದರೆ ಇಳಿಯುತ್ತದೆ, ಮಂಕು ಬಹುಪಾಲು ಹೋಗುತ್ತದೆ ಅಂದರು. ಈ ಪಥ್ಯ ಬಾಲ್ಯಕ್ಕೆ ಮಾತ್ರ ಅಲ್ಲ, ಜೀವನಪೂರ್ತಿ ಅಂದರು. ನಾನು ಸುಮ್ಮನಿರಲಾರದೆ ಕೇಳಿದೆ. “ಇವಳಿಗೆ ಅರವತ್ತಾದಾಗ ತಲೆ ಹೇಗಿರುತ್ತೆ ಡಾಕ್ಟ್ರೇ?” ಅವರು ನಕ್ಕರು. “ಹುಟ್ಟಿನಿಂದ ಪಥ್ಯ ಮಾಡಿಕೊಂಡು ಬಂದವರಲ್ಲಿ ವಯಸ್ಸಾದವರೇ ಇನ್ನೂ ಕಡಿಮೆ ಇದ್ದಾರಮ್ಮ. ಇವರಿಂದಲೇ ನಾವು ಕಲೀಬೇಕು.”

ಆಮೇಲೆ ಗಂಭೀರವಾಗಿ ಇನ್ನೊಂದು ಮಾತು ಹೇಳಿದರು. ಮಗು ಬೇಕು ಅಂದರೆ ಮೊದಲು ರಕ್ತ ಸರಿಯಾಗಬೇಕು. ತಾಯಿಯ ರಕ್ತದಲ್ಲಿ ಇದು ಹೆಚ್ಚಿದ್ದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲ. ಮಗುವಿಗೆ ಈ ಕಾಯಿಲೆ ಇಲ್ಲದೇ ಇದ್ದರೂ ಸರಿ.

ಅಕ್ಕ ಕುರ್ಚಿಯ ಕೈ ಹಿಡಿದುಕೊಂಡಳು. ಅವಳಿಗೆ ಕಂಡಿದ್ದು ಇನ್ನೊಬ್ಬ ಮುನಿ. ಬೇರೆ ಏನೂ ಅಲ್ಲ. ಹೊರಗೆ ಬಂದವಳೇ ಹೇಳಿದಳು. “ನಡಿ ಕಾಮಸಮುದ್ರಕ್ಕೆ. ಎಲ್ಲಾ ಏಳ್ಬಿಡ್ತೀನಿ. ಮನೆ ಮುರುದ್ರೂ ಮುರೀಲಿ.”

ಮುಂದಿನ ಭಾನುವಾರ ಬಸ್ಸು ಹತ್ತಿದೆವು. ಅಕ್ಕ, ನಾನು, ಅಮ್ಮು. ಮುನಿಯನ್ನು ಇಡೀ ದಿನ ನೋಡಿಕೊಳ್ಳಲು ಯಾರೂ ಇಲ್ಲದ್ದರಿಂದ ಅವನೂ. ಅವನಿಗೀಗ ನಲವತ್ತರ ಹತ್ತಿರ. ಬಸ್ಸಿನ ಕಿಟಕಿ ಅಂದರೆ ಪ್ರಾಣ. ಗಾಳಿಗೆ ಆ ಕಂದು ಕೂದಲು ಹಾರುತ್ತಿತ್ತು. ದಾರಿಯುದ್ದಕ್ಕೂ ಮಾವಿನ ತೋಪು, ಬಂಡೆ, ಒಣಗಿದ ಕೆರೆ, ಮತ್ತೆ ಮಾವಿನ ತೋಪು. ಅಣ್ಣ ತಂಗಿ ಇಬ್ಬರೂ ಒಂದೇ ಕಿಟಕಿಯಲ್ಲಿ ಆಚೆ ನೋಡುತ್ತಾ ಕೂತಿದ್ದರು. ಮುಂದಿನ ಸೀಟಿನಿಂದ ತಿರುಗಿ ನೋಡಿದೆ. ಇಬ್ಬರ ಕಣ್ಣೂ ಒಂದೇ ಥರ ಇತ್ತು.

ನಾರಾಯಣಮ್ಮ ಎತ್ತರದ ಆಳು. ದೊಡ್ಡ ದನಿ. ನಾವು ಕೂರುವ ಮೊದಲೇ ಹಾಲಿನ ಲೋಟ ಬಂತು. ಅಕ್ಕ ತನ್ನ ಲೋಟವನ್ನು ಕೆಳಗಿಟ್ಟು, ಮಗಳ ಕೈಯಿಂದಲೂ ಲೋಟ ತೆಗೆದಿಟ್ಟು, ಒಂದೇ ಉಸಿರಿಗೆ ಎಲ್ಲ ಹೇಳಿದಳು.

ನಾರಾಯಣಮ್ಮನ ಮುಖ ಕೆಂಪಾಯಿತು. “ಅಂದ್ರೆ ಮುಚ್ಚಿಟ್ಟು ಮದ್ವೆ ಮಾಡಿದ್ರಾ?”

“ನಂಗೆ ಗೊತ್ತಿತ್ತಮ್ಮ” ಅಂದ ಸುರೇಶ.

“ನೀನ್ ಸುಮ್ಕಿರ್ಲಾ!” ಅಂದರು. ಅಕ್ಕನ ಕಡೆ ತಿರುಗಿದರು. “ನಾನು ಈ ಮಗೀಗೆ ನನ್ನ ಕೈಯಾರ ಆಲು ಕಾಯ್ಸಿ ಕೊಟ್ಟಿವ್ನಿ. ನಮ್ಮನೆ ಆಲು ಕುಡ್ದೋರು ಯಾರೂ ಕೆಟ್ಟಿಲ್ಲ. ಈಗ ಬಂದು ವಿಷ ಅಂತೀಯಲ್ಲಮ್ಮ, ನಾಲ್ಗೆ ಎಂಗ್ ಬಂತು?”

ಅಷ್ಟರಲ್ಲಿ ಮುನಿ ಮೆಲ್ಲಗೆ ಎದ್ದು ಕೊಟ್ಟಿಗೆಗೆ ಹೋಗಿದ್ದ. ಒಂದು ಕರುವಿನ ಹಣೆಗೆ ತನ್ನ ಹಣೆ ಒತ್ತಿಕೊಂಡು ನಿಂತಿದ್ದ. ಕರುವೂ ಸುಮ್ಮನೆ ನಿಂತಿತ್ತು. ನಾರಾಯಣಮ್ಮ ತುಂಬ ಹೊತ್ತು ಅತ್ತಲೇ ನೋಡಿದರು. ದನಿ ಇಳಿಯಿತು.

“ಇವ್ನು ಉಟ್ಟಿದಾಗ್ಲೇ ಇಂಗೇನಾ?”

“ಇಲ್ಲಮ್ಮ” ಅಂದಳು ಅಕ್ಕ. “ಉಟ್ಟಿದಾಗ ಚೆನ್ನಾಗೇ ಇದ್ದ. ನನ್ ಮೊಕ ನೋಡಿ ನಗ್ತಿದ್ದ.”

“ಮತ್ತೆ?”

“ಆಲು.”

“ಯಾರ್ ಮನೆ ಆಲು?”

“ನಂದೇ ಕಣಮ್ಮ” ಅಂದಳು ಅಕ್ಕ. “ಎದೆ ಆಲು. ನಾನೇ ಕುಡ್ಸಿದ್ದು. ಅಳ್ದಾಗೆಲ್ಲ ಕುಡ್ಸಿದ್ದು.”

ಅಷ್ಟು ವರ್ಷದಲ್ಲಿ ಅಕ್ಕ ಈ ಮಾತನ್ನು ನನ್ನ ಹತ್ತಿರವೂ ಆಡಿರಲಿಲ್ಲ. ಇದು ನಿಮ್ಮ ತಪ್ಪಲ್ಲ ಅಂತ ಡಾಕ್ಟರು ನೂರು ಸಲ ಹೇಳಿದ್ದರು. ಯಾವ ತಾಯಿ ಕೇಳುತ್ತಾಳೆ? ನಾನು ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ನಾರಾಯಣಮ್ಮ ಎದ್ದು ಒಳಗೆ ಹೋದರು. ಪಾತ್ರೆಗಳ ಸದ್ದು ಕೇಳಿಸಿತು. ಅಮ್ಮು ನನ್ನ ಕೈ ಹಿಡಿದುಕೊಂಡಳು. ಮುಗಿಯಿತು, ಇನ್ನು ಟ್ರಂಕ್ ಎತ್ತಿಕೊಂಡು ಹೋಗಿ ಅನ್ನುತ್ತಾರೆ ಅಂತ ನಾನು ಮನಸ್ಸಿನಲ್ಲೇ ಬಸ್ಸಿನ ಟೈಮ್ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಆಕೆ ಒಂದು ಲೋಟ ಹಿಡಿದುಕೊಂಡು ಬಂದರು. ಬೆಲ್ಲ ನಿಂಬೆಹಣ್ಣಿನ ಪಾನಕ. ಸೊಸೆಯ ಕೈಗೆ ಕೊಟ್ಟರು.

“ಇದ್ರಾಗೇನೂ ಇಲ್ವಲ್ಲ? ಕುಡಿ” ಅಂದರು. ಆಮೇಲೆ ಅಕ್ಕನಿಗೆ, “ಆ ಪುಡಿ ಎಂಗ್ ಕಲ್ಸೋದು, ತೋರ್ಸಿ ಓಗು.”

ಆಮೇಲಿನದ್ದು ನಾರಾಯಣಮ್ಮನ ಸಾಮ್ರಾಜ್ಯ. ಮುದ್ದೆ ಇಲ್ಲದ ಊಟ ಊಟವೇ ಅಲ್ಲ ಅನ್ನುವ ಸೀಮೆ ನಮ್ಮದು. ಸೊಸೆ ಪಕ್ಕದಲ್ಲಿ ಕೂತು ಬರೀ ಸೋರೆಕಾಯಿ ಪಲ್ಯ ತಿನ್ನುವುದನ್ನು ನೋಡಲಾಗದೆ, ಸಬ್ಬಕ್ಕಿಯನ್ನು ಮಿಲ್ಲಿಗೆ ಹಾಕಿಸಿ, ಆ ಹಿಟ್ಟಿನಲ್ಲಿ ಮುದ್ದೆ ತೊಳಸಿದರು. ಮೊದಲ ದಿನ ಅದು ಕೋಲಿಗೇ ಅಂಟಿಕೊಂಡು ಬಿಡಲೇ ಇಲ್ಲವಂತೆ. ಸುರೇಶ ಎಳೆದು ತೆಗೆಯಬೇಕಾಯಿತಂತೆ. ಬಿಡದೆ ಕಲಿತರು. ಬೆಳ್ಳಗೆ, ಹೊಳೆಯುವ ಮುದ್ದೆ, ಕುಂಬಳಕಾಯಿ ಸಾರು. ನಾನೂ ತಿಂದಿದ್ದೇನೆ. (ರುಚಿ ಬಗ್ಗೆ ಕೇಳಬೇಡಿ. ನನಗೆ ಆ ಮನೆಗೆ ಮತ್ತೆ ಹೋಗಬೇಕು.)

ಒಂದು ದಿನ ಅಮ್ಮು ಶಾಲೆಯಿಂದಲೇ ಫೋನ್ ಮಾಡಿದಳು. ದನಿಯಲ್ಲೇ ಗೊತ್ತಾಯಿತು. “ಚಿಕ್ಕಮ್ಮ, ಇವತ್ತು ಲೆಕ್ಕ ನಾನು ಕರೆಯೋಕೆ ಮುಂಚೆ ಬಂತು!” ಅಂದಳು. ಆಮೇಲೆ ಜೋರಾಗಿ ಅತ್ತಳು. ನಾನೂ ಅತ್ತೆ. ಸ್ಟಾಫ್ ರೂಮಿನವರು ಯಾರು ಸತ್ತರೋ ಅಂದುಕೊಂಡಿರಬೇಕು.

ರಕ್ತ ಹಿಡಿತಕ್ಕೆ ಬಂದು, ಡಾಕ್ಟರು ಸರಿ ಅಂದ ಮೇಲೆ ಅಮ್ಮು ಬಸುರಿಯಾದಳು. ಈಗ ತುಂಬು ಬಸುರಿ. ಆಗಾಗ ಬೆರಳು ಚುಚ್ಚಿ ರಕ್ತ ಬೆಂಗಳೂರಿಗೆ ಹೋಗುತ್ತದೆ. ಇಲ್ಲಿಯವರೆಗೆ ಎಲ್ಲ ಸರಿಯಾಗಿದೆ.

ಮೊನ್ನೆ ಭಾನುವಾರ ಕಾಮಸಮುದ್ರದಲ್ಲಿ ಅವಳಿಗೆ ಬಯಕೆ ಊಟ. ನಿಮಗೆ ಗೊತ್ತಲ್ಲ, ಚೊಚ್ಚಲ ಬಸುರಿಗೆ ಬೀದಿಯ ಮುತ್ತೈದೆಯರೆಲ್ಲ ತಮ್ಮ ತಮ್ಮ ಮನೆಯಿಂದ ಒಂದೊಂದು ಅಡುಗೆ ಮಾಡಿಕೊಂಡು ಬಂದು ಕೈಯಾರೆ ತಿನ್ನಿಸಬೇಕು. ಬಸುರಿ ಬೇಡ ಅನ್ನಬಾರದು. ತಿನ್ನಿಸಲು ಬಂದವರನ್ನು ತಡೆದರೆ ಅಪಶಕುನ. ಬಂದ ಪಾತ್ರೆಗಳನ್ನು ನೋಡಿ ಅಕ್ಕನ ಮುಖ ಬಿಳಿಚಿಕೊಂಡಿತು. ಹೋಳಿಗೆ, ಹೆಸರುಬೇಳೆ ಪಾಯಸ, ಅವರೆಕಾಳು ಉಪ್ಪಿಟ್ಟು, ಮೊಸರವಲಕ್ಕಿ, ಎಳ್ಳುಂಡೆ. ಒಂದರಲ್ಲೂ ಅಮ್ಮು ಕೈಯಿಡುವ ಹಾಗಿಲ್ಲ. ಬೀದಿಯವರಿಗೆಲ್ಲ ಕಾಯಿಲೆಯ ಪಾಠ ಮಾಡೋದು ಹೇಗೆ?

ಮೊದಲನೆಯಾಕೆ ಹೋಳಿಗೆ ಮುರಿದು ಮುಂದೆ ಬಂದರು. ನಾರಾಯಣಮ್ಮ ಅಡ್ಡ ನಿಂತರು. “ನಮ್ ಸೊಸೆ ಪಥ್ಯದಾಗವ್ಳೆ.”

“ಅಯ್ಯೋ ಅಮ್ಮಯ್ಯ, ಒಂದ್ ತುತ್ತು. ಸ್ವಲ್ಪ ತಿಂದ್ರೆ ಏನಾಯ್ತದೆ?”

“ಏನಾಯ್ತದೆ ಅಂತ ನಂಗೊತ್ತು” ಅಂದರು ನಾರಾಯಣಮ್ಮ. ಆಮೇಲೆ ಸುತ್ತ ನೋಡಿ, ಮೂಲೆಯಲ್ಲಿ ಬಲೂನು ಹಿಡಿದು ಕೂತಿದ್ದ ಮುನಿಯ ಕೈ ಹಿಡಿದು ತಂದು, ಅಮ್ಮುವಿನ ಪಕ್ಕ ಇನ್ನೊಂದು ಮಣೆ ಹಾಕಿ ಕೂರಿಸಿದರು. “ತವರು ಕಡೆಯಿಂದ ಇವ್ಳ ಅಣ್ಣ ಬಂದವ್ನೆ. ಅಣ್ಣ ತಿಂದ್ರೆ ತಂಗಿ ತಿಂದಂಗೇ. ನಮ್ಮನೇಲಿ ಇಂಗೇ ಮಾಡೋದು. ತಿನ್ಸಿ!”

ಯಾರ ಮನೆಯಲ್ಲೂ ಹಾಗೆ ಮಾಡುವುದಿಲ್ಲ. ಆ ಪದ್ಧತಿ ಅಲ್ಲೇ, ಆ ನಿಮಿಷವೇ ಹುಟ್ಟಿತು. ಆದರೆ ಆಕೆಯ ದನಿಗೆ ಯಾರು ಎದುರಾಡುತ್ತಾರೆ? ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಒಬ್ಬಾಕೆ ಮುಂದೆ ಬಂದು ಅಮ್ಮುವಿಗೆ ಕುಂಕುಮ ಇಟ್ಟು, ಮುನಿಯ ಬಾಯಿಗೆ ಹೋಳಿಗೆ ಇಟ್ಟರು. ಆಮೇಲೆ ಇನ್ನೊಬ್ಬರು. ಬಳೆಗಳ ಸದ್ದು, ಹೂವಿನ ವಾಸನೆ, ಕಿಟಕಿಯಿಂದ ಬಿದ್ದ ಬಿಸಿಲು. ಹೊಳೆಯುವ ಕೂದಲಿನ ಆ ದೊಡ್ಡ ಗಂಡಸು ಕಣ್ಣು ಮುಚ್ಚಿ, ಬಾಯಿ ತೆರೆದು, ಬೀದಿಯ ಮುತ್ತೈದೆಯರ ಕೈಯಿಂದ ತಂಗಿಯ ಬಯಕೆ ತಿನ್ನುತ್ತಿದ್ದ. ಅಮ್ಮು ನಗುತ್ತಾ ಅವನ ಗಲ್ಲಕ್ಕೆ ಅಂಟಿದ ಪಾಯಸ ಒರೆಸುತ್ತಿದ್ದಳು. ನಾನು ಕಂಡ ಎಚ್ಚರದ ಕನಸು ಅಂದರೆ ಅದೊಂದೇ.

ಕೊನೆಯಲ್ಲಿ ಒಬ್ಬ ಅಜ್ಜಿ, ಇದ್ಯಾವುದೂ ಕಿವಿಗೆ ಬೀಳದೆ, ನಡುಗುವ ಕೈಯಲ್ಲಿ ಎಳ್ಳುಂಡೆಯನ್ನು ಸೀದಾ ಅಮ್ಮುವಿನ ತುಟಿಗೇ ತಂದರು. ನಾರಾಯಣಮ್ಮ ಬಾಗಿಲಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದರು. ಅಕ್ಕ ಒಳಗಿದ್ದಳು. ನಾನು ಎದ್ದೇಳುವಷ್ಟರಲ್ಲಿ ಮುನಿ ಅಜ್ಜಿಯ ಮಣಿಕಟ್ಟು ಹಿಡಿದುಕೊಂಡಿದ್ದ.

“ಅಮ್ಮು ಬ್ಯಾಡ” ಅಂದ. ಉಂಡೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡ.

ಅಡುಗೆಮನೆ ಬಾಗಿಲಿಗೆ ಬಂದಿದ್ದ ಅಕ್ಕ ಹೊಸ್ತಿಲಲ್ಲೇ ಕೂತುಬಿಟ್ಟಳು. ಅವಳು ಅತ್ತಿದ್ದು ಸಂತೋಷಕ್ಕೋ ಸಂಕಟಕ್ಕೋ ನಾನು ಕೇಳಲಿಲ್ಲ. ಎರಡೂ ಇತ್ತು.

ಹೊರಡುವಾಗ ನಾರಾಯಣಮ್ಮ ಬಸ್ ಸ್ಟಾಪಿನವರೆಗೆ ಬಂದರು. ಮುನಿಯ ಕೈ ಹಿಡಿದುಕೊಂಡೇ ನಡೆದರು. ಬಸ್ಸು ಬರುವ ಸದ್ದು ಕೇಳಿದಾಗ ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದರು. “ಮಗ ಉಟ್ಟಿದ್ ಮ್ಯಾಕೆ ಇಮ್ಮಡಿ ಚುಚ್ಚಿ ನೋಡ್ತಾರಂತಲ್ಲ. ಅದು ಎಲ್ರಿಗೂ ಮಾಡ್ತಾರಾ?”

“ಇಲ್ಲಮ್ಮ. ಎಲ್ಲಾ ಕಡೆ ಮಾಡಲ್ಲ. ನಾವೇ ಕೇಳಿ ಮಾಡಿಸಬೇಕು” ಅಂದೆ.

“ಒಂದ್ ತೊಟ್ಟು ರಕ್ತಾನಾ?”

“ಒಂದೆರಡು ತೊಟ್ಟು.”

ಆಕೆ ಮುನಿಯ ಕಡೆ ನೋಡಿದರು. ಅವನು ಆಗಲೇ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ನಗುತ್ತಿದ್ದ. ಗಾಳಿಗೆ ಕೂದಲು ಹಾರಲು ಶುರುವಾಗಿತ್ತು. “ಇಷ್ಟಕ್ಕಾ?” ಅಂದರು ನಾರಾಯಣಮ್ಮ.

ಇರಲಿ, ನಿಮ್ಮನ್ನು ಒಂದು ಮಾತು ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಈಚೆಗೆ ಹುಟ್ಟಿದ ಕೂಸಿನ ಹಿಮ್ಮಡಿ ಯಾರಾದರೂ ಚುಚ್ಚಿ ನೋಡಿದರಾ?